ಕಿತ್ತಳೆ ದೀಪ

ರಾತ್ರಿ ಎರಡಕ್ಕೆ ಮಮ್ದೂಹನ ಫೋನು:
"ಹನ್ನೊಂದೂ ಕೋಣೆಯ ಥರ್ಮಾಮೀಟರು ಕುರುಡಾಗಿವೆ. ಬಾ."
ಶುವೈಖ್ ಬಂದರಿನ ಹಿಂದೆ ನಮ್ಮ ಮೀನಿನ ಶೀತಲಗೃಹ.
ಆಗಸ್ಟು. ಕಾರಿನಿಂದ ಇಳಿದ ಕೂಡಲೆ ಕನ್ನಡಕ ಮಬ್ಬಾಯಿತು.
ಒರೆಸಿಕೊಂಡು ಒಳಗೆ ಹೋದರೆ
ರ‍್ಯಾಕಿನ ದೀಪಗಳೆಲ್ಲ ಒಟ್ಟಿಗೇ ಮಿಟುಕುತ್ತಿವೆ.

ಬೇರೆ ದಿನ ಹಾಗಲ್ಲ ಅವು.
ಒಂದು ಮಿಟುಕಿದರೆ ಇನ್ನೊಂದು ಸುಮ್ಮನಿರುತ್ತದೆ,
ಕಟ್ಟೆಯ ಮೇಲೆ ಕೂತವರ ಮಾತಿನ ಹಾಗೆ.
ಇವತ್ತು ಎಲ್ಲಕ್ಕೂ ಒಂದೇ ಬಾಯಿ.
ಬಿರುಗಾಳಿ ಅನ್ನುತ್ತೇವೆ ನಮ್ಮ ಕಸುಬಿನಲ್ಲಿ,
ನೆಲದ ಮೇಲಿನ ಒಂದು ಕಾಗದವೂ ಅಲುಗದ ಬಿರುಗಾಳಿ.

ಆಗುವುದಿಷ್ಟೇ:
ಪುಟ್ಟ ಪೊಟ್ಟಣವೊಂದು ಕೇಳುತ್ತದೆ,
"ಒಂಬತ್ತನೇ ಕೋಣೆಯವರು ಯಾರಪ್ಪಾ?"
ಸ್ವಿಚ್ಚಿಗೆ ಗೊತ್ತಿಲ್ಲ, ಎಲ್ಲ ಬಾಗಿಲಿಗೂ ಕೂಗುತ್ತದೆ.
ದಾರಿ ಉಂಗುರವಾಗಿದ್ದರೆ
ಅದೇ ಕೂಗು ಸುತ್ತಿ ಬಂದು ಅದರ ಬೆನ್ನನ್ನೇ ತಟ್ಟುತ್ತದೆ.
ಯಾರೋ ಹೊಸಬರೆಂದುಕೊಂಡು ಮತ್ತೆ ಕೂಗುತ್ತದೆ.
ಗಾಣದೆತ್ತಿಗಾದರೂ ಸಂಜೆಯಿದೆ,
ಈ ಪೊಟ್ಟಣದ ಹಣೆಯಲ್ಲಿ ಸಾವು ಬರೆದವರಿಲ್ಲ.

ಒಂದೊಂದೇ ತಂತಿ ಕೀಳುತ್ತ ಹೋದೆ.
ಪ್ಯಾಕಿಂಗ್ ಹಾಲಿನ ಮೂಲೆ, ಇಪ್ಪತ್ತಮೂರನೆಯ ಪೋರ್ಟಿನಲ್ಲಿ
ಹಳದಿ ತಂತಿಯ ಒಂದು ತುದಿ.
ಇನ್ನೊಂದು ತುದಿ ಅದೇ ಡಬ್ಬಿಯ ಏಳನೆಯದರಲ್ಲಿ.
ಕಿತ್ತೆ. ಗೋಡೆಯೇ ಉಸಿರು ಬಿಟ್ಟಂತಾಯಿತು.

"ನೆಲ ಒರೆಸುವಾಗ ನೇತಾಡುತ್ತಿತ್ತು, ಆಪಾ," ಅಂದ ತೊಫಜ್ಜಲ್,
ಮಾಪನ್ನು ಎದೆಗೆ ಹಿಡಿದುಕೊಂಡು, ಬರಿಸಾಲಿನ ಹಿಂದಿಯಲ್ಲಿ.
"ಒದ್ದೆಯಾದೀತೆಂದು... ಖಾಲಿ ತೂತು ಕಂಡಿತು, ಸಿಕ್ಕಿಸಿದೆ."

ಮರ ಕಟ್ಟಲು ಕೂತೆ.
ಮೊದಲು ಬೇರು ಯಾರೆಂದು ಗೊತ್ತಾಗಬೇಕು.
ಎಲ್ಲ ಸ್ವಿಚ್ಚೂ ಹುಟ್ಟುತ್ತ ತರುವ ಅಂಕಿ ಒಂದೇ,
ಮೂವತ್ತೆರಡು ಸಾವಿರದ ಏಳುನೂರ ಅರವತ್ತೆಂಟು.
ಸಮವಾದರೆ ವಿಳಾಸ ನೋಡುತ್ತವೆ, ಚಿಕ್ಕದಕ್ಕೆ ಪಟ್ಟ.
ಹಾಗೇ ಬಿಟ್ಟರೆ ನಮ್ಮಲ್ಲಿ ಅರಸನಾಗುವುದು
ಕಾವಲುಗಾರನ ಗೂಡಿನ ಹಳೇ ಡಬ್ಬಿ,
ಚಹಾ ಫ್ಲಾಸ್ಕು ಹೊತ್ತು ಹದಿನಾಲ್ಕು ವರ್ಷದಿಂದ ಬಿಸಿಯಾಗಿ ಕೂತದ್ದು.
ಹಿರಿತನಕ್ಕೆ ಕೈ ಮುಗಿದೆ.
ನಡುಕೋಣೆಯ ಸ್ವಿಚ್ಚಿಗೆ ನಾಲ್ಕು ಸಾವಿರದ ತೊಂಬತ್ತಾರು ಬರೆದೆ.
ಇಲ್ಲಿ ಕಡಿಮೆ ಅಂಕ ಬಂದವರೇ ಮೊದಲು.
ಹತ್ತನೇ ತರಗತಿಯಲ್ಲಿ ನನಗೆ ಇಂಥ ಮೇಷ್ಟ್ರು ಸಿಗಲಿಲ್ಲ.

ಎರಡು ಕಟ್ಟಡಗಳ ನಡುವೆ ಬೇಕೆಂದೇ ಎರಡು ದಾರಿ ಎಳೆದಿದ್ದೇವೆ.
ಒಂದು ಸಾಗುತ್ತದೆ, ಒಂದು ಮುಚ್ಚಿದೆ.
ಮುಚ್ಚಿದ್ದರ ದೀಪ ಕಿತ್ತಳೆ.
ಎರಡು ಸೆಕೆಂಡಿಗೊಮ್ಮೆ ಬೇರಿನಿಂದ "ಇದ್ದೇನೆ" ಎಂದು ಸುದ್ದಿ.
ಅದು ಕೇಳಿಸಿಕೊಳ್ಳುತ್ತದೆ, ಮರುಮಾತಿಲ್ಲ.

ತೊಫಜ್ಜಲ್ ಬಗ್ಗಿ ನೋಡಿದ.
"ಕೆಲಸ ಮಾಡದ್ದಕ್ಕೂ ಕರೆಂಟು ಕೊಡುತ್ತೀರಾ?"
"ಕೊಡುತ್ತೇವೆ."
"ಯಾವ ಕಂಪನಿ ಆಪಾ ಅದು?"

ಪರೀಕ್ಷೆಗೆಂದು ಸಾಗುವ ತಂತಿಯನ್ನು ಎಳೆದುಬಿಟ್ಟೆ.
ಕಿತ್ತಳೆ ದೀಪ ಗಡಿಬಿಡಿ ಮಾಡಲಿಲ್ಲ.
ಹದಿನೈದು ಸೆಕೆಂಡು ಕೇಳಿತು,
ಹದಿನೈದು ಸೆಕೆಂಡು ಯಾರು ಯಾವ ಕಡೆ ಎಂದು ಕಲಿಯಿತು.
ಈಗಿನ ಕಾಲದವು ಕಣ್ಣು ಮಿಟುಕಿಸುವಷ್ಟರಲ್ಲಿ ಮಾಡುತ್ತವೆ,
ನಮ್ಮ ಡಬ್ಬಿಗಳದು ಅಷ್ಟು ಓದಿಲ್ಲ.
ಆ ಅರ್ಧ ನಿಮಿಷ ನಾವಿಬ್ಬರೂ ಉಸಿರಾಡಿದ ನೆನಪಿಲ್ಲ.
ಆಮೇಲೆ ಹಸಿರು.
ಅವನು ಮಾಪು ಕೆಳಗಿಟ್ಟು ಚಪ್ಪಾಳೆ ತಟ್ಟಿದ.

ಬೆಳಗ್ಗೆ ಮಮ್ದೂಹ್ ವರದಿ ಕೇಳಿದ:
"ಕಾರಣ ಬೇಡ, ಹೆಸರು ಬರಿ."

ಮಾರ್ಚಿನಲ್ಲಿ ಹೊಸ ತೂಕದ ಯಂತ್ರ ಬಂದಿತ್ತು.
ಎದ್ದು ಮಾತಾಡಲು ಅರ್ಧ ನಿಮಿಷ ಕಾಯುತ್ತಿತ್ತು, ಪಾಪ.
ಲಾರಿಗಳು ನಿಂತಿವೆ ಎಂದು ಇದೇ ಮಮ್ದೂಹ್ ಕಿರುಚಿದ್ದ.
ಆ ಒಂದು ಪೋರ್ಟಿಗೆ ವಿನಾಯಿತಿ ಕೊಟ್ಟರೆ ಸಾಕಿತ್ತು.
ನನಗೆ ಊಟಕ್ಕೆ ಹೊತ್ತಾಗಿತ್ತು.
ಇಡೀ ಡಬ್ಬಿಯ ಕಾವಲನ್ನೇ ತೆಗೆದು ಹೋಗಿದ್ದೆ.

ಹೆಸರಿನ ಜಾಗದಲ್ಲಿ ನನ್ನದನ್ನು ಬರೆದೆ,
ಪಾಸ್‌ಪೋರ್ಟಿನಲ್ಲಿ ಇರುವಷ್ಟೂ ಉದ್ದಕ್ಕೆ:
ಶಾಂಭವಿ ಕೊಟ್ರಬಸಪ್ಪ ಹಡಗಲಿ.

ಉತ್ತರ ಇನ್ನೂ ಬಂದಿಲ್ಲ.
ಒಂಬತ್ತನೇ ಕೋಣೆ ಈಗ ಮೈನಸ್ ಹದಿನೆಂಟು.